ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಂನಲ್ಲಿ ಹಲವು ವಿಭಾಗಗಳ ಸಂಶೋಧನೆಯನ್ನು ಕ್ಯುರೇಟ್ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕ್ಯುರೇಟ್ ಮಾಡುವುದು ಅಂದರೆ ವಸ್ತುಗಳನ್ನು ಆಯ್ದು, ಜೋಡಿಸಿ ಪ್ರದರ್ಶನ ರೂಪಿಸುವುದು. ಈ ಕೆಲಸದಲ್ಲಿ ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಂಗೆ ಬೇರೆ ಮ್ಯೂಸಿಯಂಗಳಿಗೆ ಸಿಗದ ಒಂದು ಅನುಕೂಲ ಇದೆ. ರಸಾಯನಶಾಸ್ತ್ರದವರು, ವೈದ್ಯರು, ಇತಿಹಾಸಕಾರರು, ಕಂಪ್ಯೂಟರ್ ವಿಭಾಗದವರು, ಸಂಗೀತದವರು ಎಲ್ಲರೂ ನಡೆದು ಬರುವಷ್ಟು ಹತ್ತಿರದಲ್ಲೇ ಇರುತ್ತಾರೆ. ಆದರೂ 'ಕಲೆ ಮತ್ತು ವಿಜ್ಞಾನ' ಅಂತ ಹೆಸರಿಟ್ಟುಕೊಂಡ ಎಷ್ಟೋ ಪ್ರದರ್ಶನಗಳು ಸಪ್ಪೆಯಾಗಿರುತ್ತವೆ. ಗೋಡೆಯ ಮೇಲೆ ಒಂದು ಚಿತ್ರ, ಪಕ್ಕದಲ್ಲಿ ಒಂದು ಗ್ರಾಫ್, ಎರಡಕ್ಕೂ ಏನೋ ನಂಟಿದೆ ಅಂತ ಒತ್ತಾಯ ಮಾಡುವ ಒಂದು ಉದ್ದನೆಯ ಫಲಕ. ನೋಡಲು ಬಂದವರು 'ಚೆನ್ನಾಗಿದೆ' ಅಂತ ಹೇಳಿ ಮುಂದೆ ಹೋಗುತ್ತಾರೆ.

ಇಂಥ ಪ್ರದರ್ಶನ ಕೆಡುವುದು ಗೋಡೆಗೆ ಮೊಳೆ ಹೊಡೆಯುವ ಹೊತ್ತಿನಲ್ಲಲ್ಲ, ಅದಕ್ಕಿಂತ ಒಂದೆರಡು ವರ್ಷ ಮೊದಲೇ. ಸಂಶೋಧನೆ ಬೇರೆ ಎಲ್ಲೋ ನಡೆದು ಮುಗಿದಿರುತ್ತದೆ. ಅದನ್ನು ಚೆಂದವಾಗಿ ತೋರಿಸೋಣ ಅಂತ ಕೊನೆಗೆ ಮ್ಯೂಸಿಯಂ ಬಾಗಿಲು ತಟ್ಟುತ್ತಾರೆ. ಇಲ್ಲಿ ಹೇಳುತ್ತಿರುವುದು ಅದಕ್ಕೆ ತದ್ವಿರುದ್ಧವಾದ ದಾರಿ. ಸಂಶೋಧನೆ ವಸ್ತುವಿನ ಎದುರೇ ನಡೆಯಬೇಕು, ಮತ್ತು ಯಾವ ಒಂದು ವಿಭಾಗವೂ ಒಂಟಿಯಾಗಿ ಉತ್ತರಿಸಲಾಗದ ಪ್ರಶ್ನೆಯಿಂದ ಶುರುವಾಗಬೇಕು.

ಹಂತ 1: ವಿಷಯ ಹುಡುಕಬೇಡಿ, ವಸ್ತು ಹುಡುಕಿ

'ನೀರು', 'ನೆನಪು', 'ದೇಹ'. ಸಭೆಗಳಲ್ಲಿ ಇಂಥ ವಿಷಯಗಳು ಬೇಗ ಹೊಳೆಯುತ್ತವೆ. ಯಾರೂ ಬೇಡ ಅನ್ನುವುದಿಲ್ಲ, ಯಾಕಂದರೆ ಅದರೊಳಗೆ ಏನನ್ನು ಬೇಕಾದರೂ ತುರುಕಬಹುದು. ತೊಂದರೆ ಇರುವುದೂ ಅಲ್ಲೇ. ಏನನ್ನೂ ಹೊರಗಿಡದ ವಿಷಯದಿಂದ ಆಯ್ಕೆ ಮಾಡಲು ಆಗುವುದಿಲ್ಲ.

ಅದರ ಬದಲು ನಿಮ್ಮ ಸ್ಟೋರ್‌ಗೆ ಹೋಗಿ. ಮ್ಯೂಸಿಯಂನ ರಿಜಿಸ್ಟ್ರಾರ್ (ವಸ್ತುಗಳ ದಾಖಲೆ ನೋಡಿಕೊಳ್ಳುವವರು) ಮತ್ತು ಕನ್ಸರ್ವೇಟರ್ (ವಸ್ತು ಕೆಡದಂತೆ ಕಾಪಾಡುವವರು) ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: 'ನಿಮಗೆ ತಲೆನೋವಾಗಿರುವ ವಸ್ತು ಯಾವುದು?' ಬಣ್ಣ ಮಾಸಿದ್ದು, ಯಾರು ಮಾಡಿದ್ದು ಅಂತ ಗೊತ್ತಾಗದ್ದು, ಕಡತದಲ್ಲಿ ಎರಡು ಬೇರೆ ಬೇರೆ ದಿನಾಂಕ ಇರುವುದು, ಯಾವುದೋ ಕಾಲದಲ್ಲಿ ಯಾರೋ ರಿಪೇರಿ ಮಾಡಿದ್ದು, ಎಲ್ಲಿಂದ ಹೇಗೆ ಬಂತು ಅನ್ನುವುದಕ್ಕೆ ದಾಖಲೆಯೇ ಇಲ್ಲದ್ದು. ಈ ಪಟ್ಟಿಯಲ್ಲೇ ನಿಮ್ಮ ಪ್ರದರ್ಶನ ಇದೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಹಾರ್ವರ್ಡ್ ವಿಶ್ವವಿದ್ಯಾಲಯದ್ದು. ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೊ ಅಲ್ಲಿನ ಹೋಲಿಯೋಕ್ ಸೆಂಟರ್ ಕಟ್ಟಡದ ಊಟದ ಕೋಣೆಗಾಗಿ ದೊಡ್ಡ ಕ್ಯಾನ್ವಾಸ್‌ಗಳನ್ನು ಬರೆದುಕೊಟ್ಟರು. 1964ರಲ್ಲಿ ಐದನ್ನು ಗೋಡೆಗೆ ಹಾಕಿದರು. ಕೋಣೆಗೆ ದೊಡ್ಡ ದೊಡ್ಡ ಕಿಟಕಿಗಳು. ರಾಥ್ಕೊ ಬಳಸಿದ್ದ ಲಿಥಾಲ್ ರೆಡ್ ಅನ್ನುವ ಕೆಂಪು ಬಣ್ಣ ಬೆಳಕಿಗೆ ತಡೆಯುವಂಥದ್ದಲ್ಲ. ಕಡುಗೆಂಪು ನಿಧಾನವಾಗಿ ಮಾಸಿ, ಒಂದೊಂದು ಚಿತ್ರ ಒಂದೊಂದು ಥರ ನೀಲಿ-ಬೂದು ಬಣ್ಣಕ್ಕೆ ತಿರುಗಿತು. 1979ರ ಹೊತ್ತಿಗೆ ಎಲ್ಲವನ್ನೂ ಇಳಿಸಿ ಸ್ಟೋರ್‌ಗೆ ಸಾಗಿಸಿದರು.

ಮೇಲೆ ಹೊಸ ಬಣ್ಣ ಹಚ್ಚುವ ಹಾಗಿರಲಿಲ್ಲ. ವಾರ್ನಿಶ್ ಇಲ್ಲದ ಮೈ ಅದು. ಒಮ್ಮೆ ಹಚ್ಚಿದರೆ ತೆಗೆಯಲಾಗದು, ಮತ್ತು ಅದು ರಾಥ್ಕೊ ಕೈಯ ಕೆಲಸವಾಗಿ ಉಳಿಯದು. ಹಾಗಾಗಿ ಸಂರಕ್ಷಣಾ ವಿಜ್ಞಾನಿಗಳು, ಕಲಾ ಇತಿಹಾಸಕಾರರು, ತಂತ್ರಜ್ಞಾನ ಸಂಶೋಧನೆ ನಡೆಸುವ ಎಮ್‌ಐಟಿ ಮೀಡಿಯಾ ಲ್ಯಾಬ್‌ನವರು ಸೇರಿ ಬೇರೆ ದಾರಿ ಹಿಡಿದರು. 1964ರ ಹಳೆಯ ಕಲರ್ ಫೋಟೋಗಳಿದ್ದವು. ಆದರೆ ಅವುಗಳ ಬಣ್ಣವೂ ಮಾಸಿತ್ತು! ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ತಜ್ಞರು ಆ ಫೋಟೋಗಳ ಬಣ್ಣವನ್ನು ಡಿಜಿಟಲ್ ಆಗಿ ಮತ್ತೆ ತಂದರು. ಗೋಡೆಗೆ ಹಾಕದೆ ಉಳಿದಿದ್ದ ಆರನೇ ಕ್ಯಾನ್ವಾಸ್ ಬಣ್ಣ ತಾಳೆ ನೋಡಲು ಸಿಕ್ಕಿತು. ಕ್ಯಾನ್ವಾಸ್‌ನ ಒಂದೊಂದು ಚುಕ್ಕೆಗೂ ಎಷ್ಟು ಬಣ್ಣ ಕಡಿಮೆಯಾಗಿದೆ ಅಂತ ಲೆಕ್ಕ ಹಾಕಿ, ಅಷ್ಟನ್ನು ಪ್ರೊಜೆಕ್ಟರ್ ಬೆಳಕಿನಿಂದ ತುಂಬಿದರು. 2014ರ ನವೆಂಬರ್‌ನಲ್ಲಿ ಪ್ರದರ್ಶನ ತೆರೆಯಿತು. ಪ್ರತಿದಿನ ಸಂಜೆ 4 ಗಂಟೆಗೆ ಪ್ರೊಜೆಕ್ಟರ್ ಆರಿಸುತ್ತಿದ್ದರು. ನೋಡುವವರ ಕಣ್ಣೆದುರೇ ಕೆಂಪು ಹೋಗಿ ಮಾಸಿದ ಕ್ಯಾನ್ವಾಸ್ ಬರುತ್ತಿತ್ತು.

ಇಲ್ಲಿ ಒಂದೊಂದೇ ವಿಭಾಗವನ್ನು ತೆಗೆದು ನೋಡಿ. ರಸಾಯನಶಾಸ್ತ್ರ ತೆಗೆದರೆ ಬಣ್ಣ ಯಾಕೆ ಹೋಯಿತು ಅಂತ ತಿಳಿಯದು. ಫೋಟೋ ತಜ್ಞರಿಲ್ಲದಿದ್ದರೆ ಮೊದಲಿನ ಬಣ್ಣ ಯಾವುದು ಅಂತ ತಿಳಿಯದು. ಕಲಾ ಇತಿಹಾಸದವರಿಲ್ಲದಿದ್ದರೆ 'ಈಗ ನೋಡುತ್ತಿರುವುದು ರಾಥ್ಕೊ ಚಿತ್ರವಾ, ಬೆಳಕಾ?' ಅನ್ನುವ ಪ್ರಶ್ನೆಯೇ ಏಳುತ್ತಿರಲಿಲ್ಲ. ನಿಮ್ಮ ಯೋಜನೆಗೂ ಇದೇ ಪರೀಕ್ಷೆ ಮಾಡಿ. ಒಂದು ವಿಭಾಗವನ್ನು ತೆಗೆದರೂ ಪ್ರದರ್ಶನ ಹಾಗೇ ನಿಲ್ಲುತ್ತದೆ ಅಂದರೆ, ಆ ವಿಭಾಗ ಅಲ್ಲಿ ಸುಮ್ನೆ ಶೋಭೆಗೆ ಇದೆ.

ಹಂತ 2: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

'ಸಸ್ಯ ಚಿತ್ರಗಳಲ್ಲಿ ಕಲೆ ಮತ್ತು ವಿಜ್ಞಾನ' ಅನ್ನುವುದು ಪ್ರಶ್ನೆ ಅಲ್ಲ, ಶೀರ್ಷಿಕೆ. 'ಈ ಚಿತ್ರಕಾರ ಗಿಡವನ್ನು ಎದುರಿಗಿಟ್ಟುಕೊಂಡು ಬರೆದನೋ, ಒಣಗಿಸಿ ಅಂಟಿಸಿದ ಮಾದರಿ ನೋಡಿ ಬರೆದನೋ?' ಅನ್ನುವುದು ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ಸಸ್ಯಶಾಸ್ತ್ರಜ್ಞರು ಎಲೆಯ ಮಡಿಕೆ, ಹೂವಿನ ಕೋನ ನೋಡಬೇಕು. ಕನ್ಸರ್ವೇಟರ್ ಬಣ್ಣ ಮತ್ತು ಕಾಗದ ನೋಡಬೇಕು. ಇತಿಹಾಸಕಾರರು ಪತ್ರ, ಪಾವತಿ ಪುಸ್ತಕ ತೆಗೆಯಬೇಕು. ಉತ್ತರ ಸಿಗದೆಯೂ ಇರಬಹುದು. ಪರವಾಗಿಲ್ಲ.

ಉತ್ತರದ ಬಗ್ಗೆ ಜಗಳವಾದರೆ ಇನ್ನೂ ಒಳ್ಳೆಯದು. ಹಳೆಯ ಯುರೋಪಿನ ಚಿತ್ರಕಾರರು ಮಸೂರ, ಕನ್ನಡಿಗಳ ನೆರವಿನಿಂದ ಬರೆಯುತ್ತಿದ್ದರು ಅಂತ ಚಿತ್ರಕಾರ ಡೇವಿಡ್ ಹಾಕ್ನಿ ಮತ್ತು ದೃಗ್ವಿಜ್ಞಾನಿ ಚಾರ್ಲ್ಸ್ ಫಾಲ್ಕೊ 2001ರ ಸುಮಾರಿಗೆ ವಾದಿಸಿದರು. ಕಂಪ್ಯೂಟರ್ ಮೂಲಕ ಚಿತ್ರಗಳನ್ನು ವಿಶ್ಲೇಷಿಸುವ ತಜ್ಞ ಡೇವಿಡ್ ಸ್ಟಾರ್ಕ್ ಅವೇ ಚಿತ್ರಗಳನ್ನು ಅಳೆದು, ಆ ವಾದ ನಿಲ್ಲುವುದಿಲ್ಲ ಅಂದರು. ಯಾರು ಸರಿ ಅಂತ ತೀರ್ಪು ಕೊಡುವುದು ಮ್ಯೂಸಿಯಂ ಕೆಲಸ ಅಲ್ಲ. ಒಂದೇ ಚಿತ್ರದ ಎದುರು ಎರಡೂ ವಾದವನ್ನು ಇಟ್ಟು, ನೋಡುವವರ ಕೈಗೆ ಒಂದು ನಿಮ್ನ ಕನ್ನಡಿ ಕೊಟ್ಟರೆ ಸಾಕು, ಅವರೇ ಪರೀಕ್ಷಿಸುತ್ತಾರೆ.

ಹಂತ 3: ಜನರನ್ನು ವಸ್ತುವಿನ ಮುಂದೆ ಕೂರಿಸಿ

ಮೊದಲ ಸಭೆ ಸಭಾಂಗಣದಲ್ಲಿ ಬೇಡ. ಸ್ಲೈಡ್‌ಗಳೂ ಬೇಡ. ವಸ್ತುಗಳನ್ನು ಹತ್ತಿರದಿಂದ ನೋಡುವ ಕೋಣೆಯಲ್ಲಿ ಸೇರಿ. ಪೆನ್ನು ಹೊರಗೆ, ಪೆನ್ಸಿಲ್ ಒಳಗೆ. ಬ್ಯಾಗು, ನೀರಿನ ಬಾಟಲಿ ಹೊರಗೆ. ಒಂದು ಗಂಟೆ ಯಾರೂ ಮಾತಾಡದೆ ನೋಡಲಿ. ಇದು ಅತಿ ಅನ್ನಿಸಿದರೆ ಹಾರ್ವರ್ಡ್‌ನ ಕಲಾ ಇತಿಹಾಸಕಾರ್ತಿ ಜೆನಿಫರ್ ರಾಬರ್ಟ್ಸ್ ಅವರನ್ನು ನೆನೆಸಿಕೊಳ್ಳಿ. ಅವರು ವಿದ್ಯಾರ್ಥಿಗಳಿಗೆ ಒಂದೇ ಚಿತ್ರವನ್ನು ಪೂರ್ತಿ ಮೂರು ಗಂಟೆ ನೋಡುವ ಕೆಲಸ ಕೊಡುತ್ತಾರೆ. ಅಳಿಲು ಹಿಡಿದ ಹುಡುಗನ ಒಂದು ಚಿತ್ರ ಇದೆ, 1765ರಲ್ಲಿ ಜಾನ್ ಸಿಂಗಲ್ಟನ್ ಕೋಪ್ಲಿ ಬರೆದದ್ದು. ಹುಡುಗನ ಕಿವಿಯ ಆಕಾರವೂ ಅಳಿಲಿನ ಹೊಟ್ಟೆಯ ತುಪ್ಪಳದ ಅಂಚೂ ಒಂದೇ ಥರ ಇವೆ ಅಂತ ಕಾಣಲು ತಮಗೆ ಒಂಬತ್ತು ನಿಮಿಷ ಬೇಕಾಯಿತು ಅಂತ ಅವರು ಬರೆದಿದ್ದಾರೆ. ಹಿಂದಿನ ಪರದೆಯ ಮಡಿಕೆಗಳಲ್ಲೂ ಅದೇ ಕಿವಿ ಇದೆ ಅಂತ ಹೊಳೆಯಲು ಮುಕ್ಕಾಲು ಗಂಟೆ.

ಗಂಟೆ ಮುಗಿದ ಮೇಲೆ ಪ್ರತಿಯೊಬ್ಬರೂ ಮೂರು ಪ್ರಶ್ನೆ ಬರೆದು ಓದಲಿ. ಪರಿಚಯ, ಹುದ್ದೆ, ಸಾಧನೆ ಎಲ್ಲ ಆಮೇಲೆ. ಹೀಗೆ ಮಾಡಿದರೆ ದೊಡ್ಡ ಪ್ರೊಫೆಸರ್‌ಗೂ ಎರಡನೇ ವರ್ಷದ ವಿದ್ಯಾರ್ಥಿಗೂ ಸಮ ಜಾಗ ಸಿಗುತ್ತದೆ. ಒಳ್ಳೆಯ ಪ್ರಶ್ನೆ ಬಹಳ ಸಲ ವಿದ್ಯಾರ್ಥಿಯಿಂದಲೇ ಬರುತ್ತದೆ, ಯಾಕಂದರೆ ಆತನಿಗೋ ಆಕೆಗೋ ಇನ್ನೂ ಸಂಕೋಚ ಕಲಿಸಿರುವುದಿಲ್ಲ.

ಕಲಾವಿದರನ್ನು ಕರೆಯುವುದಾದರೆ ಮೊದಲ ದಿನದಿಂದಲೇ ಕರೆಯಿರಿ. ಸಂಶೋಧನೆ ಮುಗಿದ ಮೇಲೆ 'ಇದಕ್ಕೊಂದು ಕಲಾಕೃತಿ ಮಾಡಿಕೊಡಿ' ಅಂದರೆ ಅವರು ಚಿತ್ರ ಬಿಡಿಸಿಕೊಡುವವರಾಗಿ ಉಳಿಯುತ್ತಾರೆ. 1966ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ದೂರವಾಣಿ ಕಂಪನಿಯ ಸಂಶೋಧನಾ ಕೇಂದ್ರವಾದ ಬೆಲ್ ಲ್ಯಾಬ್ಸ್‌ನ ಸುಮಾರು 30 ಎಂಜಿನಿಯರ್‌ಗಳು ಮತ್ತು 10 ಕಲಾವಿದರು ಸೇರಿ ಒಂಬತ್ತು ಸಂಜೆಗಳ ಪ್ರದರ್ಶನ ಕೊಟ್ಟರು. ಎಂಜಿನಿಯರ್ ಬಿಲ್ಲಿ ಕ್ಲೂವರ್ ಮತ್ತು ಕಲಾವಿದ ರಾಬರ್ಟ್ ರಾಶೆನ್‌ಬರ್ಗ್ ಮುಂದೆ ನಿಂತು ನಡೆಸಿದ ಕೆಲಸ ಅದು. ಅಲ್ಲಿ ಎಂಜಿನಿಯರ್‌ಗಳು ಬರೀ ಯಂತ್ರ ರಿಪೇರಿ ಮಾಡುವವರಾಗಿರಲಿಲ್ಲ, ಕಲಾವಿದರೂ ಬರೀ ಕನಸು ಹೇಳುವವರಾಗಿರಲಿಲ್ಲ. ತಾಂತ್ರಿಕ ತೊಂದರೆಗಳು ಬೇಕಾದಷ್ಟು ಆದವು. ಆದರೂ ಇವತ್ತಿಗೂ ಜನ ಅದರ ಬಗ್ಗೆ ಮಾತಾಡುತ್ತಾರೆ.

ಹಂತ 4: ಯಾರಿಗೆ ಏನು ಬೇಕು ಅನ್ನುವುದನ್ನು ಕಾಗದದ ಮೇಲೆ ಇಡಿ

ಸ್ನೇಹ ಚೆನ್ನಾಗಿರುವಾಗಲೇ ಇದನ್ನು ಮಾಡಿಬಿಡಿ. ವಿಜ್ಞಾನಿಗೆ ಜರ್ನಲ್‌ನಲ್ಲಿ ಲೇಖನ ಬೇಕು, ಅಲ್ಲಿಯವರೆಗೆ ಫಲಿತಾಂಶ ಹೊರಬರಬಾರದು. ಮ್ಯೂಸಿಯಂಗೆ ಪ್ರದರ್ಶನದ ದಿನಾಂಕ ಮುಖ್ಯ. ಕಲಾವಿದರಿಗೆ ಸಂಭಾವನೆ ಬೇಕು, 'ಪ್ರಚಾರ ಸಿಗುತ್ತದಲ್ಲ' ಅನ್ನುವ ಮಾತಲ್ಲ. ವಿದ್ಯಾರ್ಥಿಗೆ ಹೆಸರೂ ಬೇಕು, ಕೋರ್ಸಿನ ಅಂಕವೂ ಬೇಕು. ಲೇಬಲ್ ಮೇಲೆ ಯಾರ ಹೆಸರು, ಫೋಟೋ ಹಕ್ಕು ಯಾರದ್ದು, ಮಾಪನದ ದತ್ತಾಂಶ ಎಲ್ಲಿ ಉಳಿಯುತ್ತದೆ, ಮಧ್ಯದಲ್ಲಿ ಒಬ್ಬರು ಬಿಟ್ಟುಹೋದರೆ ಏನು ಅನ್ನುವುದೆಲ್ಲ ಎರಡು ಪುಟದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಕಾಲೇಜಿನ ಸೆಮಿಸ್ಟರ್ ನಾಲ್ಕೈದು ತಿಂಗಳಲ್ಲಿ ಮುಗಿಯುತ್ತದೆ, ಪ್ರದರ್ಶನಕ್ಕೆ ಎರಡು ಮೂರು ವರ್ಷ ಬೇಕು. ಹಾಗಾಗಿ ಇಡೀ ಪ್ರದರ್ಶನವನ್ನು ಒಂದೇ ತರಗತಿಗೆ ಒಪ್ಪಿಸಬೇಡಿ. ಒಂದು ಸೆಮಿಸ್ಟರ್‌ನಲ್ಲಿ ಮುಗಿಯುವ ತುಂಡು ಕೆಲಸ ಕೊಡಿ: ಒಂದು ವಸ್ತುವಿನ ಕಡತ, ಒಂದು ಮಾಪನ, ಒಂದು ಲೇಬಲ್‌ನ ಕರಡು.

ಹಣದ ಬಗ್ಗೆ ಒಂದೇ ಮಾತು. ಒಂದು ಪಾಲನ್ನು ಕೊನೆಯವರೆಗೆ ಮುಟ್ಟದೆ ಇಡಿ. ಸಂಶೋಧನೆ ನಿಜವಾಗಿ ನಡೆದರೆ ಯೋಜನೆ ಬದಲಾಗಿಯೇ ಆಗುತ್ತದೆ, ಅಲ್ವಾ?

ಹಂತ 5: ಮುಟ್ಟುವ ಮೊದಲು ಅನುಮತಿ

ತಪಾಸಣೆಯಲ್ಲಿ ಒಂದು ಕ್ರಮ ಇದೆ. ಮೊದಲು ಬರಿಗಣ್ಣು, ಆಮೇಲೆ ಓರೆ ಬೆಳಕು, ಆಮೇಲೆ ಅತಿನೇರಳೆ ಮತ್ತು ಅವಕೆಂಪು, ಆಮೇಲೆ ಎಕ್ಸ್-ರೇ. ಚೂರು ಕತ್ತರಿಸಿ ಸ್ಯಾಂಪಲ್ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ, ಅದೂ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ. ಒಂದೊಂದು ಸಾಧನ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಕ್ಯುರೇಟರ್‌ಗೂ ಗೊತ್ತಿರಬೇಕು. ಅವಕೆಂಪು ಕ್ಯಾಮೆರಾ ಬಣ್ಣದ ಕೆಳಗಿನ ಇದ್ದಿಲಿನ ಗೆರೆಗಳನ್ನು ತೋರಿಸುತ್ತದೆ. ಎಕ್ಸ್-ರೇ ಹಾಯಿಸಿ ನೋಡುವ ಎಕ್ಸ್‌ಆರ್‌ಎಫ್ ಯಂತ್ರ ಸೀಸ, ಪಾದರಸ, ತಾಮ್ರ ಇಂಥ ಧಾತುಗಳನ್ನು ಹಿಡಿಯುತ್ತದೆ, ಆದರೆ ಗಿಡದಿಂದ ತೆಗೆದ ಬಣ್ಣದ ವಿಷಯಕ್ಕೆ ಬಂದರೆ ಹೆಚ್ಚು ಕಡಿಮೆ ಮೌನ. ಹೋಲಿಸಿ ನೋಡಲು ಕ್ಯಾಂಪಸ್‌ನಲ್ಲೇ ಏನಿದೆ ಅಂತ ವಿಚಾರಿಸಿ. ಸಸ್ಯ ವಿಭಾಗದ ಒಣಗಿದ ಗಿಡಗಳ ಸಂಗ್ರಹ, ಭೂವಿಜ್ಞಾನದವರ ಕಲ್ಲುಗಳು, ಹಳೆಯ ಬಣ್ಣದ ಮಾದರಿಗಳು ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಹಾರ್ವರ್ಡ್‌ನಲ್ಲಿ ಅಲ್ಲಿನ ಕಲಾ ಮ್ಯೂಸಿಯಂನ ನಿರ್ದೇಶಕರಾಗಿದ್ದ ಎಡ್ವರ್ಡ್ ಫೋರ್ಬ್ಸ್ ಶುರುಮಾಡಿದ ಬಣ್ಣದ ಪುಡಿಗಳ ಸಂಗ್ರಹದಲ್ಲಿ 2,500ಕ್ಕೂ ಜಾಸ್ತಿ ಮಾದರಿಗಳಿವೆ. ನಕಲಿ ಪತ್ತೆ ಹಚ್ಚುವವರೂ ಅದನ್ನು ಬಳಸುತ್ತಾರೆ.

ವಸ್ತು ಯಾವುದೋ ಸಮುದಾಯದ್ದಾಗಿದ್ದರೆ ಆ ಸಮುದಾಯದವರು ಅತಿಥಿಗಳಲ್ಲ, ನಿರ್ಧಾರದಲ್ಲಿ ಪಾಲುದಾರರು. ಅಮೆರಿಕದಲ್ಲಿ ಇದು ಬರೀ ಸೌಜನ್ಯದ ಮಾತಾಗಿ ಉಳಿದಿಲ್ಲ. ಮೂಲನಿವಾಸಿಗಳ ಅವಶೇಷ ಮತ್ತು ಪವಿತ್ರ ವಸ್ತುಗಳ ಬಗ್ಗೆ 1990ರಲ್ಲಿ ಬಂದ ಕಾನೂನಿನ ನಿಯಮಗಳನ್ನು 2024ರ ಜನವರಿಯಲ್ಲಿ ಬಿಗಿ ಮಾಡಿದರು. ಪ್ರದರ್ಶನಕ್ಕಷ್ಟೇ ಅಲ್ಲ, ಸಂಶೋಧನೆಗೂ ಮೊದಲೇ ಒಪ್ಪಿಗೆ ಪಡೆಯಬೇಕು. ನಿಮ್ಮಲ್ಲಿ ಕಾನೂನು ಇಲ್ಲದಿದ್ದರೂ ಕೇಳಿ. 'ಬೇಡ' ಅಂದರೆ ಅದೂ ಒಂದು ಉತ್ತರವೇ, ಒಪ್ಪಿಕೊಳ್ಳಿ.

ಜೀವಂತ ವಸ್ತುಗಳಿದ್ದರೆ ಇನ್ನೊಂದು ಲೆಕ್ಕ. ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಸಿಂಬಯಾಟಿಕಾ ಪ್ರಯೋಗಾಲಯದ ಕಲಾವಿದರಾದ ಓರನ್ ಕ್ಯಾಟ್ಸ್ ಮತ್ತು ಅಯೊನಾಟ್ ಜರ್ ಇಲಿಯ ಜೀವಕೋಶಗಳಿಂದ ಒಂದು ಪುಟ್ಟ ಕೋಟನ್ನು ಬೆಳೆಸಿದರು. 2008ರಲ್ಲಿ ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಪ್ರದರ್ಶನಕ್ಕೆ ಬಂತು. ಕೋಶಗಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬೆಳೆದವು. ಕೊನೆಗೆ ಕ್ಯುರೇಟರ್ ಪಾವೊಲಾ ಆಂಟೊನೆಲ್ಲಿ ಅದಕ್ಕೆ ಆಹಾರ ನಿಲ್ಲಿಸುವ ನಿರ್ಧಾರ ಮಾಡಬೇಕಾಯಿತು. ಜೀವ ಇರುವ ಕಲಾಕೃತಿ ತರುವ ಮೊದಲು ಅದನ್ನು ಯಾರು, ಯಾವಾಗ, ಹೇಗೆ ಕೊನೆಗಾಣಿಸುತ್ತಾರೆ ಅಂತ ಬರೆದಿಡಿ. ಜೈವಿಕ ಸುರಕ್ಷತೆಯ ಸಮಿತಿಗೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ನೋಡಲು ಬರುವವರ ಮೇಲೆ ಸಮೀಕ್ಷೆ ಮಾಡುವುದಿದ್ದರೆ ಸಂಶೋಧನೆಯ ನೈತಿಕತೆ ನೋಡುವ ಸಮಿತಿಯ ಒಪ್ಪಿಗೆಯೂ ಬೇಕು.

ಹಂತ 6: ಬೆಳಕಿನ ಖಾತೆ

ಕನ್ಸರ್ವೇಟರ್ ಹೇಳಿದ್ದಕ್ಕೆ ತಕರಾರು ಬೇಡ. ಕಾಗದ, ಬಟ್ಟೆ, ಜಲವರ್ಣಕ್ಕೆ ಸುಮಾರು 50 ಲಕ್ಸ್ (ಬೆಳಕು ಎಷ್ಟು ಬೀಳುತ್ತದೆ ಅನ್ನುವುದರ ಅಳತೆ), ತೈಲವರ್ಣಕ್ಕೆ ಸುಮಾರು 200 ಲಕ್ಸ್ ಅನ್ನುವುದು ಬಹಳ ಕಾಲದಿಂದ ಇರುವ ವಾಡಿಕೆ. ತೇವಾಂಶ 40ರಿಂದ 60 ಶೇಕಡಾ, ಉಷ್ಣಾಂಶ 16ರಿಂದ 25 ಡಿಗ್ರಿ ಸೆಲ್ಸಿಯಸ್ ಅನ್ನುವುದು ಈಗ ಹಲವು ದೊಡ್ಡ ಮ್ಯೂಸಿಯಂಗಳು ಒಪ್ಪಿಕೊಂಡಿರುವ ಮಿತಿ. ಹಠಾತ್ ಏರಿಳಿತ ಆಗಬಾರದು, ಅದು ಮುಖ್ಯ.

ಸಂಶೋಧಕರು ಮರೆಯುವ ವಿಷಯ ಒಂದಿದೆ. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ವಸ್ತುವಿಗೆ ವಿಶ್ರಾಂತಿ ಕೊಟ್ಟರೆ ವಾಸಿಯಾಗುವುದಿಲ್ಲ. ಮೇಜಿನ ಮೇಲೆ 1,000 ಲಕ್ಸ್ ದೀಪದಡಿ ಒಂದು ಗಂಟೆ ಇಟ್ಟರೆ, 50 ಲಕ್ಸ್ ಗ್ಯಾಲರಿಯಲ್ಲಿ 20 ಗಂಟೆ ಇಟ್ಟಷ್ಟೇ ಬೆಳಕು ಬಿದ್ದ ಹಾಗೆ. ಅಂದರೆ ಅಧ್ಯಯನದ ಗಂಟೆಗಳನ್ನೂ ಪ್ರದರ್ಶನದ ಗಂಟೆಗಳ ಜೊತೆ ಲೆಕ್ಕಕ್ಕೆ ಹಿಡಿಯಬೇಕು.

ಹಂತ 7: ಜೋಡಣೆಯೇ ವಾದ

ಗೋಡೆಯ ನಕ್ಷೆ ಬರೆಯುವ ಮೊದಲು ಎಲ್ಲ ವಸ್ತುಗಳ ಚಿಕ್ಕ ಫೋಟೋ ಮುದ್ರಿಸಿ ಒಂದು ದೊಡ್ಡ ಬೋರ್ಡಿಗೆ ಪಿನ್ ಮಾಡಿ. ಇದು ಜರ್ಮನಿಯ ಕಲಾ ಇತಿಹಾಸಕಾರ ಆಬಿ ವಾರ್‌ಬುರ್ಗ್ ದಾರಿ. 1920ರ ದಶಕದ ಕೊನೆಯಲ್ಲಿ ಅವರು ಹ್ಯಾಂಬರ್ಗ್‌ನಲ್ಲಿ ಕಪ್ಪು ಬಟ್ಟೆ ಹೊದಿಸಿದ ಹಲಗೆಗಳ ಮೇಲೆ ಹಳೆಯ ಶಿಲ್ಪ, ಚಿತ್ರ, ಅಂಚೆಚೀಟಿ, ಪತ್ರಿಕೆಯ ಜಾಹೀರಾತು ಎಲ್ಲದರ ಫೋಟೋಗಳನ್ನು ಒಟ್ಟಿಗೆ ಹಾಕಿ, ತೆಗೆದು, ಮತ್ತೆ ಹಾಕಿ ಯೋಚಿಸುತ್ತಿದ್ದರು. 1929ರಲ್ಲಿ ಅವರು ತೀರಿಕೊಂಡಾಗಲೂ ಆ ಕೆಲಸ ಮುಗಿದಿರಲಿಲ್ಲ. ತಮ್ಮ ಗ್ರಂಥಾಲಯದಲ್ಲೂ ಅವರು ಪುಸ್ತಕಗಳನ್ನು ಒಳ್ಳೆಯ ನೆರೆಹೊರೆ ನೋಡಿ ಇಡುತ್ತಿದ್ದರು. ಹುಡುಕಿದ ಪುಸ್ತಕಕ್ಕಿಂತ ಅದರ ಪಕ್ಕದ್ದು ಹೆಚ್ಚು ಕೆಲಸಕ್ಕೆ ಬರಬೇಕು ಅನ್ನುವುದು ಲೆಕ್ಕ. ಆ ಬೋರ್ಡನ್ನು ಎಲ್ಲರೂ ಓಡಾಡುವ ಕಡೆ ಇಡಿ. ತಂಡದಲ್ಲಿ ಯಾರು ಬೇಕಾದರೂ ಫೋಟೋ ಜಾಗ ಬದಲಿಸಬಹುದು, ಆದರೆ ಯಾಕೆ ಅಂತ ಒಂದು ಸಾಲು ಬರೆದು ಅಂಟಿಸಬೇಕು. ಆ ಸಾಲುಗಳಿಂದಲೇ ಕೊನೆಗೆ ನಿಮ್ಮ ಲೇಬಲ್‌ಗಳು ಹುಟ್ಟುತ್ತವೆ.

ಪಕ್ಕಪಕ್ಕ ಇಡುವುದರ ಬಲ ತಿಳಿಯಬೇಕಾದರೆ ಕಲಾವಿದ ಫ್ರೆಡ್ ವಿಲ್ಸನ್ 1992ರಲ್ಲಿ ಬಾಲ್ಟಿಮೋರ್‌ನ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಮಾಡಿದ್ದನ್ನು ನೋಡಿ. ಹೊಳೆಯುವ ಬೆಳ್ಳಿಯ ಹೂಜಿ, ಬಟ್ಟಲುಗಳ ನಡುವೆ ಗುಲಾಮರಿಗೆ ಹಾಕುತ್ತಿದ್ದ ಕಬ್ಬಿಣದ ಸಂಕೋಲೆ ಇಟ್ಟರು. ಫಲಕದಲ್ಲಿ 'ಲೋಹದ ಕೆಲಸ, 1793–1880' ಅಂತ ಮಾತ್ರ. ಎಲ್ಲವೂ ಅದೇ ಸಂಸ್ಥೆಯ ಸ್ಟೋರ್‌ನಲ್ಲಿದ್ದ ವಸ್ತುಗಳೇ. ಬೇರೆ ವಿವರಣೆ ಬೇಕಾಗಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಇದನ್ನು ಇನ್ನೂ ಸುಲಭವಾಗಿ ಮಾಡಬಹುದು. 2011ರಲ್ಲಿ ಹಾರ್ವರ್ಡ್‌ನ ಇತಿಹಾಸಕಾರರಾದ ಲಾರೆಲ್ ಥ್ಯಾಚರ್ ಅಲ್ರಿಕ್ ಮತ್ತು ಐವನ್ ಗ್ಯಾಸ್ಕೆಲ್ ಕ್ಯಾಂಪಸ್‌ನ ಬೇರೆ ಬೇರೆ ಸಂಗ್ರಹಗಳ ವಸ್ತುಗಳನ್ನು ಒಂದೆಡೆ ಸೇರಿಸಿದ್ದಲ್ಲದೆ, ಕೆಲವನ್ನು ತಮ್ಮದಲ್ಲದ ಮ್ಯೂಸಿಯಂಗಳಿಗೆ ಅತಿಥಿಗಳಾಗಿ ಕಳಿಸಿದರು. ಪ್ರಾಣಿಗಳ ನಡುವೆ ಒಂದು ಕಲಾವಸ್ತು ಕಂಡರೆ, ಇದು ಇಲ್ಲಿ ಯಾಕೆ ಅನ್ನುವುದರ ಜೊತೆಗೆ ಉಳಿದವೆಲ್ಲ ಇಲ್ಲೇ ಯಾಕೆ ಅನ್ನುವ ಪ್ರಶ್ನೆಯೂ ಏಳುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ. ನೆರೆಯ ಸಂಗ್ರಹದ ಮೇಲ್ವಿಚಾರಕರ ಹತ್ತಿರ ವಸ್ತುವಿನ ಎರವಲು ಪತ್ರಕ್ಕೆ ಒಂದು ಸಹಿ ಸಾಕು.

ಹಂತ 8: ಲೇಬಲ್‌ಗೆ ಸಹಿ ಇರಲಿ

ಒಂದು ವಸ್ತುವಿಗೆ 50ರಿಂದ 75 ಪದ, ಕೋಣೆಯ ಫಲಕಕ್ಕೆ 150ರ ಆಸುಪಾಸು. ಪ್ರೊಫೆಸರ್‌ಗಳಿಗೆ ಇದು ಹಿಂಸೆ, ಆದರೂ ಬಿಡಬೇಡಿ. ಲೇಬಲ್ ಕಣ್ಣಿಗೆ ಕಾಣುವುದರಿಂದ ಶುರುವಾಗಲಿ: 'ಎಡ ಮೂಲೆಯಲ್ಲಿ ಹಸಿರು ಕಂದಾಗಿರುವುದನ್ನು ನೋಡಿ.' ಆಮೇಲೆ ಕಾರಣ, ಆಮೇಲೆ ಅನುಮಾನ.

ಮ್ಯೂಸಿಯಂನ ಅನಾಮಿಕ ದನಿ ಈ ಥರದ ಪ್ರದರ್ಶನಕ್ಕೆ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಚಿತ್ರದ ಪಕ್ಕ ರಸಾಯನಶಾಸ್ತ್ರಜ್ಞೆ ಬರೆದ ಲೇಬಲ್, ನೇಕಾರರು ಬರೆದ ಲೇಬಲ್ ಎರಡೂ ಇರಲಿ, ಕೆಳಗೆ ಬರೆದವರ ಹೆಸರಿರಲಿ. ಇಬ್ಬರ ಮಾತು ಹೊಂದದಿದ್ದರೆ ತಿದ್ದಿ ಒಂದು ಮಾಡಬೇಡಿ. ಗೊತ್ತಿರುವುದು, ಊಹೆ, ಇನ್ನೂ ಗೊತ್ತಾಗದ್ದು ಮೂರನ್ನೂ ಓದುಗರು ಬೇರೆ ಮಾಡಿ ನೋಡುವಂತಿದ್ದರೆ ಸಾಕು. ಮುದ್ರಣಕ್ಕೆ ಕಳಿಸುವ ಮೊದಲು ವಿಷಯದ ಗಂಧವಿಲ್ಲದ ಇಬ್ಬರಿಗೆ ನಿಂತುಕೊಂಡೇ ಓದಲು ಕೊಡಿ. ಎಲ್ಲಿ ನಿಲ್ಲಿಸಿದರೋ ಅಲ್ಲಿಗೆ ಕತ್ತರಿ.

ಹಂತ 9: ತೆರೆದ ಮೇಲೂ ಕೆಲಸ ನಡೆಯಲಿ

ಉದ್ಘಾಟನೆಯ ದಿನ ಎಲ್ಲವೂ ಮುಗಿದಿರಬೇಕು ಅಂತ ಏನೂ ಇಲ್ಲ. ಒಂದು ಗೋಡೆ ಖಾಲಿ ಬಿಡಿ, ತಿಂಗಳಿಗೊಮ್ಮೆ ಹೊಸ ಮಾಪನ, ಹೊಸ ಪತ್ರ, ಹೊಸ ಅನುಮಾನ ಅಲ್ಲಿ ಸೇರಲಿ. ಬೇರೆ ವಿಭಾಗಗಳ ತರಗತಿಗಳನ್ನು ಗ್ಯಾಲರಿಗೆ ಕರೆಸಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಚರ್ಮರೋಗ ತಜ್ಞ ಇರ್ವಿನ್ ಬ್ರೇವರ್‌ಮನ್ ಮತ್ತು ಮ್ಯೂಸಿಯಂನ ಲಿಂಡಾ ಫ್ರೀಡ್‌ಲ್ಯಾಂಡರ್ ವೈದ್ಯಕೀಯ ವಿದ್ಯಾರ್ಥಿಗಳಿಗೆ ಚಿತ್ರಗಳ ಮುಂದೆ ನಿಂತು ಕಂಡದ್ದನ್ನಷ್ಟೇ ಹೇಳುವ ಅಭ್ಯಾಸ ಮಾಡಿಸಿದರು, ರೋಗನಿರ್ಣಯಕ್ಕೆ ಹಾರದೆ. ಗಮನಿಸುವ ಶಕ್ತಿ ಇದರಿಂದ ಹೆಚ್ಚಿತು ಅನ್ನುವ ಅವರ ಅಧ್ಯಯನ 2001ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಜರ್ನಲ್‌ನಲ್ಲಿ ಬಂತು. ಇಲ್ಲಿ ಕಲೆ ವೈದ್ಯಕೀಯದ ಬಗ್ಗೆ ಪಾಠ ಹೇಳಲಿಲ್ಲ, ಕಣ್ಣಿಗೆ ಕೆಲಸ ಕೊಟ್ಟಿತು ಅಷ್ಟೇ.

ಹಂತ 10: ಇಳಿಸುವ ವಾರ

ಪ್ರದರ್ಶನ ಇಳಿಸುವಾಗ ಎಲ್ಲರೂ ದಣಿದಿರುತ್ತಾರೆ. ಸಂಶೋಧನೆ ಕಳೆದುಹೋಗುವುದು ಆ ವಾರವೇ. ಕಂಡುಹಿಡಿದದ್ದೆಲ್ಲ ಆಯಾ ವಸ್ತುವಿನ ಕಡತಕ್ಕೆ ಸೇರಬೇಕು: ಮಾಪನದ ಕಚ್ಚಾ ಫೈಲ್‌ಗಳು, ಎಲ್ಲಿ ಅಳೆದರು ಅಂತ ಗುರುತು ಹಾಕಿದ ಫೋಟೋ, ಯಂತ್ರದ ಸೆಟ್ಟಿಂಗ್, ಒಪ್ಪದೆ ಉಳಿದವರ ಟಿಪ್ಪಣಿ, ವಿಫಲವಾದ ಪ್ರಯತ್ನಗಳು ಕೂಡ. ಪ್ರೊಜೆಕ್ಟರ್, ಸಾಫ್ಟ್‌ವೇರ್ ಇರುವ ಕಲಾಕೃತಿಯಾದರೆ ಕಲಾವಿದರನ್ನು ಕೂರಿಸಿಕೊಂಡು ಒಂದು ಸಂದರ್ಶನ ಮಾಡಿ. ಯಂತ್ರ ಸತ್ತರೆ ಅದೇ ಯಂತ್ರ ಹುಡುಕಬೇಕಾ, ಹೊಸದರಲ್ಲಿ ಹಳೆಯದರ ಹಾಗೆ ಕಾಣುವಂತೆ ಮಾಡಬಹುದಾ, ಹೊಸ ತಂತ್ರಕ್ಕೆ ಸಾಗಿಸಬಹುದಾ, ಇಡೀ ಕೃತಿಯನ್ನೇ ಮತ್ತೆ ಕಟ್ಟಬಹುದಾ? ನಾಲ್ಕಕ್ಕೂ ಅವರ ಬಾಯಿಂದಲೇ ಉತ್ತರ ಪಡೆದು ದಾಖಲಿಸಿ. ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ಹೆಸರು, ದಿನಾಂಕ ಬದಲಾಗಬೇಕಿದ್ದರೆ ಬದಲಿಸಿ, ಹಳೆಯದನ್ನು ಅಳಿಸದೆ ಯಾರು ಯಾಕೆ ಬದಲಿಸಿದರು ಅಂತ ಸೇರಿಸಿ. ಆಮೇಲೆ ರಿಜಿಸ್ಟ್ರಾರ್ ಹತ್ತಿರ ಕೂತು, ಈ ಸಲ ಹೊಸದಾಗಿ ತಲೆನೋವಾದ ವಸ್ತುಗಳ ಪಟ್ಟಿ ಮಾಡಿ.